ಗುತ್ಯಪ್ಪನ ಟವಲು

ದೆವ್ವ ಕಂಡೆ ಎಂದು ಯಾರಾದರೂ ನಮ್ಮ ಗಿರಣಿಗೆ ಬಂದು ಹೇಳಿದರೆ, "ನಿನಗ ಕಂಡಿದ್ದು ದೆವ್ವ ಅಲ್ಲ, ಹಸಿವು. ಹೋಗಿ ಮೊದ್ಲು ಉಣ್ಣು" ಎಂದು ಕಳಿಸುತ್ತಿದ್ದವಳು ನಾನು. ಗಂಡ ಸತ್ತ ಹದಿಮೂರನೆಯ ದಿನಕ್ಕೆ ಗಿರಣಿಯ ಬಾಗಿಲು ತೆಗೆದು ಒಬ್ಬಳೇ ಕೂತವಳು. ಸತ್ತವರು ಬರುವುದಾದರೆ ಅವರೇ ಬರಬೇಕಿತ್ತು, ಅವರೂ ಬರಲಿಲ್ಲ. ಹಾಗಾಗಿ ಈ ಮಾತಿನಲ್ಲಿ ನನಗೆ ನಂಬಿಕೆಯೇ ಇರಲಿಲ್ಲ. ಈಗಲೂ ನಂಬಿಕೆ ಬಂದಿದೆ ಎಂದು ಹೇಳಲಾರೆ. ಆದರೆ ಹನ್ನೆರಡು ವರ್ಷದ ಹಿಂದೆ, ಹಾಡಹಗಲು ಹನ್ನೊಂದು ಗಂಟೆಯ ಹೊತ್ತಿಗೆ ನನ್ನ ಕಣ್ಣಿಗೆ ಕಂಡದ್ದನ್ನು ಹೇಳದೆ ಸಾಯಬಾರದು ಅನ್ನಿಸಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದದ್ದು ಬಿಟ್ಟರೆ ಬರೆದು ಅಭ್ಯಾಸ ಇಲ್ಲ. ಕಾಗುಣಿತ ಮೊಮ್ಮಗಳು ತಿದ್ದಿದ್ದಾಳೆ. ಮಾತು ನನ್ನವೇ.

ಬಳ್ಳಿಗಾವಿ, ಉಡುತಡಿ ದಾಟಿ ಸೊರಬದ ಕಡೆಗೆ ಹೊರಳಿದರೆ ಸಿಗುವ ಸಣ್ಣ ಊರು ನಮ್ಮದು. ಊರಿನ ಮಗ್ಗುಲಲ್ಲಿ ಒಂದು ಹಳ್ಳ. ಹಳ್ಳದ ಈಚೆ ಶಿಕಾರಿಪುರ ತಾಲ್ಲೂಕು, ಆಚೆ ಸೊರಬ. ನಮ್ಮ ಮನೆ, ಮನೆಗೆ ಅಂಟಿಕೊಂಡ ಗಿರಣಿ ಈಚೆ. ಗದ್ದೆ ಮಾತ್ರ ಆಚೆ. ಇದರಿಂದ ಏನಾಗಿತ್ತೆಂದರೆ, ಗಿರಣಿಗೆ ಕರೆಂಟು ಬರುವುದು ಶಿಕಾರಿಪುರದ ಲೈನಿನಿಂದ, ಗದ್ದೆಯ ಪಂಪ್‌ಸೆಟ್ಟಿಗೆ ಬರುವುದು ಸೊರಬದ ಲೈನಿನಿಂದ. ಇಲ್ಲಿ ಹೋದಾಗ ಅಲ್ಲಿ ಇರುತ್ತಿತ್ತು, ಅಲ್ಲಿ ಹೋದಾಗ ಇಲ್ಲಿ. ಗಿರಣಿ ತಿರುಗಬೇಕಾದರೆ ಮೂರು ಫೇಸೂ ಬೇಕು. ಅದು ದಿನಕ್ಕೆ ಎಷ್ಟು ಹೊತ್ತು ಇರುತ್ತದೆ, ಯಾವಾಗ ಹೋಗುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಸುತ್ತ ನಾಲ್ಕು ಊರಿಗೆ ನಮ್ಮದೊಂದೇ ಗಿರಣಿ. ಜನ ಜೋಳ, ಅಕ್ಕಿ ಹೊತ್ತುಕೊಂಡು ಬಂದು, ಕರೆಂಟಿಲ್ಲವೆಂದು ವಾಪಸ್ಸು ಹೋಗುವುದನ್ನು ನೋಡಿ ನೋಡಿ ನನಗೆ ಸಾಕಾಯಿತು. ಶಿರಾಳಕೊಪ್ಪದಿಂದ ಒಬ್ಬನನ್ನು ಕರೆಸಿ, ಪಂಪ್‌ಸೆಟ್ಟಿನ ಪೆಟ್ಟಿಗೆಯಿಂದ ಹಳ್ಳದ ಮೇಲೆ ಹಾಯಿಸಿ ಗಿರಣಿಗೆ ಇನ್ನೊಂದು ವೈರು ಎಳೆಸಿದೆ. ಗೋಡೆಯ ಮೇಲೆ ಎರಡು ಮೇನ್ ಸ್ವಿಚ್ಚು. ಒಂದರ ಮೇಲೆ 'ಶಿ', ಇನ್ನೊಂದರ ಮೇಲೆ 'ಸೊ' ಎಂದು ನಾನೇ ಬರೆದೆ. ಒಂದರ ಹಿಡಿ ಕೆಳಗೆ ಎಳೆದು ಆಮೇಲೆ ಇನ್ನೊಂದನ್ನು ಮೇಲೆ ಎತ್ತಬೇಕು, ಎರಡೂ ಒಟ್ಟಿಗೆ ಮೇಲಿರಕೂಡದು ಎಂದು ವೈರು ಎಳೆದವನು ಹೇಳಿ ಹೋದ. ಯಾಕೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಇದನ್ನು ಮೊದಲು ಪತ್ತೆ ಹಚ್ಚಿದವನು ಗುತ್ಯಪ್ಪ. ನಮ್ಮ ಭಾಗದ ಲೈನ್‌ಮನ್ನು, ಸೊರಬದವನು. ನನಗಿಂತ ಹದಿನೈದು ವರ್ಷ ಚಿಕ್ಕವನು. ಬಿಸಿಲಿರಲಿ ಮೋಡವಿರಲಿ, ತಲೆಗೆ ಒಂದು ಕೆಂಪು ಚೌಕಳಿ ಟವಲು ಸುತ್ತಿಯೇ ಇರುತ್ತಿದ್ದ. ಗಿರಣಿಗೆ ನೀರು ಕುಡಿಯಲು ಬಂದವನು ಗೋಡೆ ನೋಡಿ ಹಾಗೇ ನಿಂತುಬಿಟ್ಟ.

"ಅಕ್ಕಾ, ಇದೆಂತ ಮಾಡ್ಕಂಡಿದ್ದೀಯ? ನನ್ನ ಕೊಲ್ಲಬೇಕು ಅಂತ ಇದ್ದೀಯ ಹೆಂಗೆ?"

"ನಿನ್ನ ಯಾಕ ಕೊಲ್ಲಲಿ? ನಿನ್ನ ಹೆಂಡ್ತಿ ಐದಾಳಲ್ಲ ಅದಕ್ಕ."

ಅವನು ನಗಲಿಲ್ಲ. ಚೊಂಬು ಕೆಳಗಿಟ್ಟು ನನಗೆ ತಿಳಿಸಿ ಹೇಳಲು ಕೂತ. ದೇಶದ ತಂತಿಯೆಲ್ಲ ಒಂದಕ್ಕೊಂದು ಗಂಟು ಬಿದ್ದಿದೆಯಂತೆ. ಜೋಗದ ಕೆಳಗೆ ಹುಟ್ಟಿದ್ದು, ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಹುಟ್ಟಿದ್ದು, ಹೊರಗಿನ ರಾಜ್ಯದ್ದು, ಎಲ್ಲ ಮೇಲೆ ದೊಡ್ಡ ಲೈನಿನಲ್ಲಿ ಸೇರಿಕೊಳ್ಳುತ್ತದೆ. ಒಂದು ಕಡೆ ಕಡಿಮೆ ಬಿದ್ದರೆ ಇನ್ನೊಂದು ಕಡೆಯದು ತುಂಬಿಕೊಡುತ್ತದೆ. ಆದರೆ ಸೇರಿಸುವವರು ಸುಮ್ಮನೆ ಸೇರಿಸುವುದಿಲ್ಲ. "ಒಂದೇ ಒರಳಿಗೆ ಇಬ್ಬರು ಹೆಂಗಸರು ಒನಕೆ ಹಾಕಲ್ವನಾ ಅಕ್ಕ, ಹಂಗೆ. ಇಬ್ಬರ ಕೈಯೂ ಒಂದೇ ಲೆಕ್ಕಕ್ಕೆ ಬೀಳಬೇಕು. ತಪ್ಪಿದ್ರೆ ಒನಕೆಗೆ ಒನಕೆ ಹೊಡೀತದೆ. ಅಲ್ಲಿ ಅದನ್ನ ನೋಡಿ ಸೇರಿಸೋಕೆ ಜನ ಕೂತಿದ್ದಾರೆ, ಫೋನ್ ಅದೆ, ಬೀಗ ಅದೆ. ಇಲ್ಲಿ ನೀನೊಬ್ಬಳು ಕೂತಿದ್ದೀಯ, ಅಕ್ಕಿ ಡಬ್ಬಿ ಇಟ್ಕಂಡು. ಎರಡೂ ಹಿಡಿ ಮೇಲಿದ್ರೆ ಆ ಕಡೆಯದು ನಿನ್ನ ಗಿರಣಿಯಿಂದ ಈ ಕಡೆ ಲೈನಿಗೆ ಹಿಂದಕ್ಕೆ ಹೋಗ್ತದೆ, ಕಂಬದ ಮೇಲೆ ನಾನಿರ್ತೀನಿ."

ನನಗೆ ಅರ್ಥವಾಗಲಿಲ್ಲ. ನನ್ನ ತವರು ಅಂಬ್ಲಿಗೊಳದ ಕಾಲುವೆಯ ಕೆಳಗಿನ ಊರು. ಕರೆಂಟು ಎಂದರೆ ನನ್ನ ತಲೆಯಲ್ಲಿ ಕಾಲುವೆ ನೀರೇ. ಡ್ಯಾಮಿನಿಂದ ಗದ್ದೆಗೆ ಹರಿಯುತ್ತದೆ, ಗದ್ದೆಯಿಂದ ಡ್ಯಾಮಿಗೆ ಎಂದಾದರೂ ಹತ್ತಿದ್ದುಂಟೇ? ಎರಡು ಕಾಲುವೆ ಸೇರಿದರೆ ನೀರು ಜಾಸ್ತಿ ಆದೀತು, ಇನ್ನೇನು ಆದೀತು ಎಂದುಕೊಂಡೆ. ಬಾಯಿಬಿಟ್ಟು ಹೇಳಿದ್ದರೆ ಅವನು ತಿದ್ದುತ್ತಿದ್ದ. ದಡ್ಡಿ ಅನ್ನಿಸಿಕೊಳ್ಳುವುದು ಬೇಡವೆಂದು "ಹ್ಞೂಂ, ತಿಳೀತು" ಎಂದೆ.

ಅವನು ಆಫೀಸಿಗೆ ತಿಳಿಸಿದ್ದರೆ ಒಂದೇ ದಿನದಲ್ಲಿ ವೈರು ಕಿತ್ತುಹಾಕುತ್ತಿದ್ದರು. ತಿಳಿಸಲಿಲ್ಲ. ಗಿರಣಿ ನಿಂತರೆ ನಾಲ್ಕು ಊರಿನ ಹೆಂಗಸರು ತಲೆಮೇಲೆ ಹೊತ್ತು ಶಿರಾಳಕೊಪ್ಪಕ್ಕೆ ನಡೆಯಬೇಕು ಎಂದ. ಬದಲಿಗೆ ಒಂದು ಪದ್ಧತಿ ಮಾಡಿದ. ನಮ್ಮೂರ ಲೈನಿನ ಕಂಬ ಹತ್ತುವ ಮುಂಚೆ ಗಿರಣಿಗೆ ಬಂದು, 'ಸೊ' ಸ್ವಿಚ್ಚಿನ ಹಿಡಿಗೆ ತಲೆಯ ಟವಲು ಬಿಚ್ಚಿ ಕಟ್ಟಿ, "ಅಕ್ಕಾ, ಕಟ್ಟಿದ್ದೀನಿ" ಎಂದು ಕೂಗಿ ಹೋಗುವುದು. ನಾನು "ಹ್ಞೂಂ" ಅನ್ನುವುದು. ಟವಲು ಇರುವ ತನಕ ನಾನು ಆ ಹಿಡಿ ಮುಟ್ಟುವ ಹಾಗಿಲ್ಲ. ಕೆಲಸ ಮುಗಿದ ಮೇಲೆ ಬಂದು ಬಿಚ್ಚಿಕೊಂಡು ಹೋಗುತ್ತಿದ್ದ. ನಾಲ್ಕೈದು ವರ್ಷ ಹೀಗೆ ನಡೆಯಿತು. ಒಂದೆರಡು ಸಲ ಕೆಲಸ ಮುಗಿಸಿ ಟವಲು ಮರೆತು ಹೋಗಿದ್ದೂ ಉಂಟು. ಮಾರನೆಯ ದಿನ ಬಂದಾಗ, "ತಲಿ ಒಂದು ಮರತು ಹೋಗಬ್ಯಾಡಪ್ಪ" ಎಂದು ಬೈದು ಕೊಡುತ್ತಿದ್ದೆ.

ಆ ದಿನಕ್ಕೆ ಬರುತ್ತೇನೆ. ಹಿಂದಿನ ದಿನ ಗಾಳಿಗೆ ಲೈನು ಕೆಟ್ಟು, ಗುತ್ಯಪ್ಪ ಬಂದು ಟವಲು ಕಟ್ಟಿ ರಿಪೇರಿ ಮಾಡಿ ಹೋಗಿದ್ದ. ಸಂಜೆ ಕರೆಂಟು ಬಂತು. ಅವನು ಟವಲು ತೆಗೆದುಕೊಂಡು ಹೋದನೋ ಇಲ್ಲವೋ ನಾನು ನೋಡಲಿಲ್ಲ. ಬೆಳಿಗ್ಗೆ ನಾನು ಹಳ್ಳದ ಹತ್ತಿರ ಎಮ್ಮೆ ಕಟ್ಟಲು ಹೋಗಿ ಬಂದೆ. ಗಿರಣಿಯೊಳಗೆ ಹೋದರೆ 'ಸೊ' ಹಿಡಿಯ ಮೇಲೆ ಟವಲು. ಕರೆಂಟೂ ಇರಲಿಲ್ಲ, ಆದರೆ ಅದು ಇಲ್ಲದಿರುವುದು ನಮಗೇನೂ ಹೊಸದಲ್ಲ. ನಿನ್ನೆ ಮರೆತು ಹೋಗಿದ್ದಾನೆ ಎಂದುಕೊಂಡೆ. ಬೆವರು, ಗ್ರೀಸು ಸೇರಿ ಟವಲು ನಾರುತ್ತಿತ್ತು. ಬಿಚ್ಚಿದೆ. ಎರಡು ಸುತ್ತು ಸುತ್ತಿ ಹಾಕಿದ ಗಂಟು, ಬಿಚ್ಚಲು ಹಲ್ಲು ಹಚ್ಚಬೇಕಾಯಿತು. ಬಟ್ಟೆ ನೆನೆಹಾಕಿದ ಬಕೆಟ್ಟಿಗೆ ಅದನ್ನೂ ಹಾಕಿ, ಕುಕ್ಕಿ ಒಗೆದು, ಹಿತ್ತಲಿನ ಹಗ್ಗದ ಮೇಲೆ ಹರವಿದೆ. ಹೆಂಡತಿ ಸೊರಬದಲ್ಲಿ, ಇವನು ಇಲ್ಲಿ ರೂಮಿನಲ್ಲಿ. ಯಾರು ಒಗೆದು ಕೊಡುತ್ತಾರೆ ಎಂದು ಕನಿಕರಪಟ್ಟೆ. ಕನಿಕರದಿಂದ ಕೈ ಹಾಕಿ ಇಷ್ಟು ಕೆಡಿಸಿದ ಹೆಂಗಸು ಇನ್ನೊಬ್ಬಳಿರಲಿಕ್ಕಿಲ್ಲ.

ಅಷ್ಟರಲ್ಲಿ ಹಾಲಮ್ಮ ಬಂದಳು, ಎದುರು ಬೀದಿಯವಳು. ತಲೆಯ ಮೇಲೆ ಅಕ್ಕಿ ಡಬ್ಬಿ, ಬರುವಾಗಲೇ ಮಾತು.

"ಅಕ್ಕಾರ, ಕೈ ಮುಗೀತೀನ್ರೀ, ಇದೊಂದು ಹಾಕಿಕೊಡ್ರಿ. ಬೀಗರು ಬಂದು ಕುಂತಾರ, ರೊಟ್ಟಿಗೆ ಹಿಟ್ಟಿಲ್ಲ."

"ಬೀಗರು ಬರ್ತಾರ ಅಂತ ಈಗ ಗೊತ್ತಾತೇನು?"

"ಅವರು ಹೇಳಿ ಬಂದ್ರ ಬೀಗರು ಹೆಂಗ ಆಗ್ತಾರ್ರೀ?"

ನಕ್ಕು, ಅಕ್ಕಿಯನ್ನು ಗಿರಣಿಯ ಬಾಯಿಗೆ ಸುರಿಯುತ್ತಿದ್ದೆ. ಬಾಗಿಲಿನ ಬೆಳಕು ಸ್ವಲ್ಪ ಕಡಿಮೆಯಾಯಿತು. ತಿರುಗಿ ನೋಡಿದೆ. ಗುತ್ಯಪ್ಪ ನಿಂತಿದ್ದ.

ಇದನ್ನು ಇದ್ದ ಹಾಗೆ ಹೇಳುತ್ತೇನೆ. ಹೊಗೆಯಂತೆ ಇರಲಿಲ್ಲ, ತೇಲುತ್ತಿರಲಿಲ್ಲ. ಎಂದಿನ ಖಾಕಿ ಅಂಗಿ, ಸೊಂಟಕ್ಕೆ ಕಟಿಂಗ್ ಪ್ಲೇಯರ್ ಸಿಕ್ಕಿಸಿದ ಬೆಲ್ಟು, ಬಲಗೈ ಬಾಗಿಲ ಚೌಕಟ್ಟಿನ ಮೇಲೆ. ತಲೆ ಮಾತ್ರ ಬರಿದು. ಆ ತಲೆಯನ್ನು ನಾನು ಟವಲಿಲ್ಲದೆ ಸರಿಯಾಗಿ ನೋಡಿದ್ದೇ ಇಲ್ಲ. ಮುಂದಿನ ಕೂದಲು ಉದುರಿತ್ತು. ಎಡಗಡೆ, ಕಿವಿಯ ಮೇಲ್ಗಡೆ, ಕುಡುಗೋಲಿನ ಹಾಗೆ ಬಾಗಿದ ಒಂದು ಹಳೆಯ ಗಾಯದ ಕಲೆ ಇತ್ತು. ಇವನಿಗೆ ಇದು ಯಾವಾಗ ಆಯಿತೋ ಎಂದುಕೊಂಡೆ.

"ಅಕ್ಕಾ, ನನ್ನ ಟವಲ್ ಎಲ್ಲಿ?" ಎಂದ.

"ತೊಳದು ಹಾಕೀನಿ. ನಾರತಿತ್ತು. ಹಿತ್ತಲದಾಗ ಒಣಗಾಕೈತಿ, ಹೋಗಿ ತಗೋ."

ಅವನು ಕದಲಲಿಲ್ಲ. ಗೋಡೆಯ ಸ್ವಿಚ್ಚಿನ ಕಡೆ ನೋಡಿದ. ಮತ್ತೆ ಅದೇ ಮಾತು, ಅದೇ ದನಿ. "ಅಕ್ಕಾ, ನನ್ನ ಟವಲ್ ಎಲ್ಲಿ?"

"ಕಿವಿ ಕೇಳಂಗಿಲ್ಲೇನು? ನಿನ್ನ ಟವಲ್ ನಾನೇನು ಉಟ್ಕೊಂಡಿಲ್ಲ, ಹಿತ್ತಲಿಗೆ ಹೋಗಿ ನೋಡು" ಎಂದು ಗದರಿಸಿ ಅಕ್ಕಿಯ ಕಡೆ ತಿರುಗಿದೆ. ಮತ್ತೆ ನೋಡುವಾಗ ಬಾಗಿಲು ಖಾಲಿ. ಹಿತ್ತಲಿಗೆ ಹೋದ ಎಂದುಕೊಂಡೆ.

ಗುತ್ಯಪ್ಪ ಕೆಳಗಿದ್ದಾನೆ ಎಂದರೆ ಕಂಬದ ಮೇಲೆ ಯಾರೂ ಇಲ್ಲ. ಹೀಗೇ ಯೋಚಿಸಿದೆ. ಅವನನ್ನು ನೋಡಿದ್ದರಿಂದಲೇ ನನಗೆ ಧೈರ್ಯ ಬಂತು. ನೋಡದಿದ್ದರೆ ಒಂದು ಗಳಿಗೆ ತಡೆಯುತ್ತಿದ್ದೆನೋ ಏನೋ. 'ಸೊ' ಹಿಡಿಯನ್ನು ಮೇಲೆ ಎತ್ತಿದೆ. 'ಶಿ' ಹಿಡಿ ಮೇಲೆಯೇ ಇತ್ತು, ಇಳಿಸಲಿಲ್ಲ. ಹಾಲಮ್ಮನ ಅವಸರ ಒಂದು. ಹೇಗೂ ಅದರಲ್ಲಿ ಕರೆಂಟಿಲ್ಲ, ಒಣಗಿದ ಕಾಲುವೆ ತೆರೆದಿದ್ದರೇನು ಮುಚ್ಚಿದ್ದರೇನು ಎಂಬ ನನ್ನ ಬುದ್ಧಿ ಇನ್ನೊಂದು. ಮೋಟಾರು ಒಂದು ಸುತ್ತು ತಿರುಗಿ, ನರಳಿ, ನಿಂತಿತು. ಫ್ಯೂಜು ಪಟ್ ಎಂದು ಹಾರಿತು. ಅಷ್ಟೇ.

"ಯಾರಿಗ್ರೀ ಅಕ್ಕಾರ ಬೈದ್ರಿ?" ಹಾಲಮ್ಮ ಕೇಳಿದಳು.

"ಗುತ್ಯಪ್ಪಗ."

"ಎಲ್ಲಿ ಐದಾನ?"

ಅವಳು ಡಬ್ಬಿ ಹಿಡಿದು ಬಾಗಿಲಿಗೆ ಎದುರಾಗಿಯೇ ನಿಂತಿದ್ದಳು. ನಾನು ಬೆಕ್ಕಿಗೆ ಬೈಯುತ್ತಿದ್ದೇನೆ ಎಂದುಕೊಂಡಿದ್ದಳಂತೆ.

ಹಿತ್ತಲಿಗೆ ಹೋದೆ. ಹಗ್ಗದ ಮೇಲಿನ ಟವಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಯಾರೂ ಇರಲಿಲ್ಲ. ಆಗಲೇ ಮೆಕ್ಕೆಜೋಳದ ಹೊಲದ ಕಡೆಯಿಂದ ಕೂಗು ಕೇಳಿತು.

ನಮ್ಮನೆಯಿಂದ ಆ ಹೊಲದ ಕಂಬಕ್ಕೆ ಅರ್ಧ ಮೈಲಿ. ಗುತ್ಯಪ್ಪ ಬೆಳಿಗ್ಗೆಯೇ ಶಿಕಾರಿಪುರದ ಕಡೆಯ ಲೈನು ಬಂದ್ ಮಾಡಿಸಿ, ನಾನು ಎಮ್ಮೆ ಕಟ್ಟಲು ಹೋದಾಗ ಗಿರಣಿಗೆ ಬಂದು ಟವಲು ಕಟ್ಟಿ, ಹೋಗಿ ಕಂಬ ಹತ್ತಿದ್ದ. ಅರ್ಧ ಗಂಟೆಯಿಂದ ಮೇಲೆಯೇ ಇದ್ದ, ಕೆಳಗೆ ಇಳಿದೇ ಇಲ್ಲ ಎಂದು ಹೊಲದ ಯಜಮಾನ ಆಣೆ ಮಾಡಿ ಹೇಳಿದ. ನಾನು ಕೊಟ್ಟ ಸೊರಬದ ಕರೆಂಟು ಗಿರಣಿಯಿಂದ ಹಿಂದಕ್ಕೆ ಹೊರಟು, ಊರ ಮುಂದಿನ ಟಿ.ಸಿ.ಗೆ ಹೋಗಿತ್ತು. ಟಿ.ಸಿ. ಎಂದರೆ ದೊಡ್ಡ ಕರೆಂಟನ್ನು ಸಣ್ಣದು ಮಾಡಿ ಮನೆಗಳಿಗೆ ಕೊಡುವ ಡಬ್ಬ. ಈ ಕಡೆಯಿಂದ ಸಣ್ಣದನ್ನು ಕೊಟ್ಟರೆ ಆ ಕಡೆಗೆ ದೊಡ್ಡದು ಮಾಡಿ ಕಳಿಸುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಕಾಲುವೆ ಹಿಂದಕ್ಕೆ ಹತ್ತುತ್ತದೆ. ನನ್ನ ಫ್ಯೂಜು ಹಾರುವಷ್ಟು ಹೊತ್ತು ಸಾಕಾಗಿತ್ತು. ಅವನ ಬಲಗೈ ಸುಟ್ಟು, ಕಂಬದಿಂದ ಜೋಳದ ಮೇಲೆ ಬಿದ್ದಿದ್ದ. ಜೀವ ಇತ್ತು.

ಗಿರಣಿಯ ಹೊಸ್ತಿಲಲ್ಲಿ ಯಾವಾಗಲೂ ಹಿಟ್ಟು ಬಿದ್ದಿರುತ್ತದೆ. ಅದರ ಮೇಲೆ ಅವನ ಹೆಜ್ಜೆ ಇತ್ತೇ ಎಂದು ಕೇಳುತ್ತೀರಿ. ನೋಡಬೇಕಿತ್ತು, ನೋಡಲಿಲ್ಲ. ಆಮೇಲೆ ಜನ ಓಡಾಡಿದರು. ನಾನು ಆ ಹೊತ್ತಿನಲ್ಲಿ ಮಾಡಿದ ಕೆಲಸ ಬೇರೆ. ಊರವರು ಅವನನ್ನು ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದ ಮೇಲೆ, ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಕರೆಂಟು ಬಂದ್ ಮಾಡಿ, ಹಳ್ಳದ ಮೇಲಿನ ವೈರನ್ನು ಎಳೆದು ಸುತ್ತಿ ಹುಲ್ಲಿನ ಬಣವೆಯೊಳಗೆ ತುರುಕಿದೆ. 'ಸೊ' ಸ್ವಿಚ್ಚನ್ನು ಕಿತ್ತು ಆ ಜಾಗಕ್ಕೆ ಕ್ಯಾಲೆಂಡರ್ ತೂಗುಹಾಕಿದೆ. ಮಾರನೆಯ ದಿನ ಆಫೀಸಿನವರು ಬಂದು "ನಿಮ್ಮಲ್ಲಿ ಜನರೇಟರ್ ಏನಾದ್ರೂ ಐತೇನಮ್ಮ?" ಎಂದು ಕೇಳಿದಾಗ, "ಇಲ್ಲ" ಎಂದೆ. ಸುಳ್ಳೂ ಅಲ್ಲ ನೋಡಿ. ಅವರು ಕ್ಯಾಲೆಂಡರ್ ನೋಡಿ ಹೋದರು.

ಗುತ್ಯಪ್ಪನೂ ನನ್ನ ಹೆಸರು ಹೇಳಲಿಲ್ಲ. "ನಂದೇ ಮರೆವು, ಯಾರ ತಪ್ಪೂ ಅಲ್ಲ" ಎಂದನಂತೆ. ಕಂಬ ಹತ್ತಿದ ಮೇಲೆ, ತಪ್ಪಿ ಬಂದ ಕರೆಂಟು ಮಣ್ಣಿಗೆ ಹೋಗಲೆಂದು ತಂತಿಗೆ ಸರಪಳಿ ಹಾಕಿ ನೆಲಕ್ಕೆ ಇಳಿಬಿಡಬೇಕಿತ್ತು, ಅದನ್ನೂ ಹಾಕಿರಲಿಲ್ಲ. ಹಾಗಾಗಿ ಅವನೇ ಎಚ್ಚರ ತಪ್ಪಿದ ಎಂದು ಬರೆದುಕೊಂಡರು. ಕೈ ಮೊಣಕೈಯವರೆಗೆ ಹೋಯಿತು. ಸೊರಬದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಈ ಸುದ್ದಿಯೆಲ್ಲ ನನಗೆ ಬೇರೆಯವರ ಬಾಯಿಂದ ಬಂತು. ಸೊರಬ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹನ್ನೊಂದು ವರ್ಷ ನಾನು ಹೋಗಲಿಲ್ಲ. ಟವಲನ್ನು ಮಡಚಿ ಟ್ರಂಕಿನಲ್ಲಿ ಇಟ್ಟಿದ್ದೆ.

ಈಗ ನಮ್ಮಲ್ಲಿ ಕರೆಂಟು ಅಷ್ಟು ಹೋಗುವುದಿಲ್ಲ. ಎರಡು ತಾಲ್ಲೂಕಿನ ಲೈನನ್ನು ಇಲಾಖೆಯವರೇ ಹಳ್ಳದ ದಂಡೆಯಲ್ಲಿ ಸೇರಿಸಿದ್ದಾರೆ. ಕಂಬಕ್ಕೆ ಒಂದು ಉದ್ದನೆ ಹಿಡಿ, ಹಿಡಿಗೆ ಬೀಗ. ಅದನ್ನು ಎತ್ತುವ ಮುಂಚೆ ಈ ಕಡೆಗೂ ಆ ಕಡೆಗೂ ಫೋನು ಮಾಡಿ, ಎರಡೂ ಕಡೆಯವರು ಹೂಂ ಅಂದ ಮೇಲೆಯೇ ಎತ್ತುತ್ತಾರೆ. ಹೋದ ವರ್ಷ ಒಂದು ದಿನ ಗದ್ದೆಗೆ ಹೋಗುವಾಗ ಇದನ್ನು ನೋಡುತ್ತಾ ನಿಂತೆ. ನಾನು ಕದ್ದು ಮಾಡಿದ್ದನ್ನೇ ಇವರು ಕೇಳಿ ಮಾಡುತ್ತಿದ್ದಾರೆ. ಮಾರನೆಯ ದಿನ ಟವಲು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ಗುತ್ಯಪ್ಪನ ಹೆಂಡತಿ ಸುಶೀಲ ಬಾಗಿಲು ತೆಗೆದಳು. ಅವನು ಸ್ನಾನ ಮಾಡಿ ಬಂದಿದ್ದ, ತಲೆ ಬರಿದು. ಎಡಗಡೆ ಕಿವಿಯ ಮೇಲೆ ಕುಡುಗೋಲಿನ ಹಾಗೆ ಬಾಗಿದ ಕಲೆ. ಕೇಳಿದರೆ, ಸಣ್ಣವನಿದ್ದಾಗ ಬಾವಿಕಟ್ಟೆಯಿಂದ ಬಿದ್ದದ್ದು ಎಂದ. ನಾನು ಅದನ್ನು ಹಿಂದೆ ಯಾವಾಗಲಾದರೂ ನೋಡಿ ಮರೆತಿದ್ದೆನೇ? ಇದ್ದರೂ ಇರಬಹುದು.

ಸುಶೀಲ ಚಹಾ ಕೊಟ್ಟು ಗಂಡನ ಮೇಲೆ ದೂರು ಹೇಳತೊಡಗಿದಳು. "ನೀವಾದ್ರೂ ಹೇಳಿ ಅಮ್ಮಾ. ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡ್ ತನಕ ಹೋಗ್ತಾರೆ, ಹಾಕಿದ್ನೋ ಇಲ್ವೋ ಅಂತ ವಾಪಸ್ ಬರ್ತಾರೆ. ದಿನಾ ಎರಡು ಸಲ. ಗ್ಯಾಸ್ ಬಂದ್ ಮಾಡಿದ್ದೀಯ ಅಂತ ನನ್ನ ಹತ್ರ ನಾಕು ಸಲ ಕೇಳ್ತಾರೆ. ಮಗಳ ಮದುವೇಲಿ ಅಕ್ಷತೆ ಹಾಕಿದ್ನಾ ಅಂತ ಪಕ್ಕದವರನ್ನ ಕೇಳಿದ್ರು, ಮಾರಾಯ್ರೇ."

"ಒಂದು ಸಲ ಮರೆತವನಿಗೆ ಗೊತ್ತು" ಎಂದ ಗುತ್ಯಪ್ಪ, ನೆಲ ನೋಡುತ್ತಾ.

ನಾನು ಮೊದಲು ಕೇಳಬೇಕಾದದ್ದನ್ನು ಕೇಳಿದೆ. "ಅವತ್ತು ನೀನು ಗಿರಣಿಗೆ ಬಂದಿದ್ದೇನು? ಹನ್ನೊಂದು ಗಂಟೆ ಸುಮಾರಿಗೆ?"

"ಎಲ್ಲಿ ಅಕ್ಕ, ಕಂಬದ ಮೇಲಿದ್ನಲ್ಲ." ಎಂದ. "ಬರಬೇಕು ಅಂತ ಮಾತ್ರ ಅನ್ನಿಸಿತ್ತು. ಮೇಲೆ ಕೂತಿದ್ದಾಗ ಒಂದೇ ಸಮ ಅದೇ ಯೋಚನೆ. ಟವಲ್ ಕಟ್ಟಿದ್ನಾ? ಕಟ್ಟಿದ್ದು ಕಣ್ಣಿಗೆ ಬರ್ತದೆ, ಆದ್ರೆ ಅದು ಇವತ್ತಿಂದಾ ನಿನ್ನೆಯದಾ? ಇಳಿದು ಹೋಗಿ ಅಕ್ಕನ್ನ ಕೇಳ್ಕಂಡು ಬರ್ಲಾ ಅಂತ. ಹೋಗಿ ನಿನ್ನ ಬಾಗಿಲಲ್ಲಿ ನಿಂತಂಗೆ, ಕೇಳಿದಂಗೆ ಅನ್ನಿಸ್ತು. ಇನ್ನೊಂದು ಗಂಟಿತ್ತು, ಬಿಗಿದು ಇಳಿಯಣ ಅಂತ ಸೋಮಾರಿತನ ಮಾಡ್ದೆ. ಇಳೀಬೇಕಿತ್ತು."

ನಾನು ಚೀಲದಿಂದ ಟವಲು ತೆಗೆದು ಅವನ ಮುಂದೆ ಇಟ್ಟೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬಿಚ್ಚಿದ್ದು, ಒಗೆದದ್ದು, ಎರಡು ಹಿಡಿಯೂ ಮೇಲಿದ್ದದ್ದು, ವೈರು, ಬಣವೆ, ಕ್ಯಾಲೆಂಡರ್, ಎಲ್ಲ. ಸುಶೀಲ ಎದ್ದು ಒಳಗೆ ಹೋದಳು. ಗುತ್ಯಪ್ಪ ಎಡಗೈಯಿಂದ ಟವಲನ್ನು ಎತ್ತಿ, ತಿರುಗಿಸಿ, ಗಂಟು ಹಾಕುತ್ತಿದ್ದ ಮೂಲೆಯನ್ನು ಹುಡುಕಿ ನೋಡಿದ.

"ಹಂಗಾದ್ರೆ ಕಟ್ಟಿದ್ದೆ" ಎಂದ.

"ಕಟ್ಟಿದ್ದಿ. ಎರಡು ಸುತ್ತು. ಹಲ್ಲಿನಾಗ ಬಿಚ್ಚೀನಿ."

"ಕಟ್ಟಿದ್ದೆ ನಾನು." ಇನ್ನೊಂದು ಸಲ ಹೇಳಿದ, ಒಳಗಿದ್ದ ಹೆಂಡತಿಗೆ ಕೇಳುವ ಹಾಗೆ. "ಕಟ್ಟಿದ್ನಂತೆ ಕಣೇ."

ನಾನು ಅವನ ಕೈ ತೆಗೆದೆ ಎಂದು ಹನ್ನೊಂದು ವರ್ಷ ಅಂದುಕೊಂಡಿದ್ದೆ. ಅದಕ್ಕಿಂತ ದೊಡ್ಡದನ್ನು ತೆಗೆದಿದ್ದೆ. ಅದನ್ನು ಒಂದೇ ಮಾತಿನಲ್ಲಿ ಯಾವಾಗ ಬೇಕಾದರೂ ವಾಪಸ್ಸು ಕೊಡಬಹುದಿತ್ತು. ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ತಪ್ಪಾಯಿತು ಎಂದೆ. ಅವನು ಆಯಿತು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಜೊತೆಗೆ ಬಂದ. ಸುಶೀಲ ಹೊರಗೆ ಬರಲಿಲ್ಲ. ಬರದಿದ್ದದ್ದೇ ಸರಿ.

ಬಂದವನು ಯಾರು ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕಂಬದ ಮೇಲೆ ಕೂತವನ ಯೋಚನೆ ಅರ್ಧ ಮೈಲಿ ನಡೆದು ಬಂತೇ? ಬಂದದ್ದಾದರೆ, ನನ್ನನ್ನು ತಡೆಯಲು ಬಂತೇ, ಅಥವಾ ಅವನು ಕೆಳಗಿದ್ದಾನೆ ಎಂದು ನಂಬಿಸಿ ನನ್ನ ಕೈಯಿಂದ ಆ ಹಿಡಿ ಎತ್ತಿಸಲು ಬಂತೇ? ಎರಡರಲ್ಲಿ ಯಾವುದೆಂದು ಯೋಚಿಸಿದರೆ ನಿದ್ದೆ ಬರುವುದಿಲ್ಲ. ಪೂಜಾರಿಯನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಬಂದವನು ಯಾರೇ ಆಗಿರಲಿ, ಕೇಳಿದ್ದು ಒಂದೇ ಮಾತು, ಅದೂ ಎರಡು ಸಲ. ನಾನು ಅಕ್ಕಿಯ ಕಡೆ ತಿರುಗಿದೆ.

ಆ ದಿನ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಬಸ್ಸು ಹೊರಡುವ ತನಕ ಗುತ್ಯಪ್ಪ ನಿಂತಿದ್ದ. ಹೆಗಲ ಮೇಲೆ ಹಳೆಯ ಟವಲು. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅವನು ಒಂದು ಸಲವೂ ಹಿಂದಕ್ಕೆ ನೋಡಲಿಲ್ಲ. ಸುಶೀಲ ಮನೆಯಲ್ಲೇ ಇದ್ದಳಲ್ಲ, ಅದಕ್ಕೂ ಇರಬಹುದು.